ಕಂಪ್ಯೂಟರ್ ಸ್ಲೋ ಆಗಿದೆಯಾ? ಹಿಂದೆ ಏನೇನು ಓಡ್ತಿದೆ ಅಂತ ಮೊದಲು ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತಿರುವವರು ಯಾರ ಮನೆಗೆ ಹೋದರೂ ಒಂದು ಮಾತು ಗ್ಯಾರಂಟಿ. "ಹೆಂಗೂ ಬಂದೀರಿ, ನಮ್ಮ ಕಂಪ್ಯೂಟರ್ ಒಮ್ಮೆ ನೋಡ್ರಲಾ, ಭಾಳ ಸ್ಲೋ ಆಗೈತಿ." ಒಂದೋ ಲಾಕ್‌ಡೌನ್‌ನಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ತಗೊಂಡ ಲ್ಯಾಪ್‌ಟಾಪ್, ಇಲ್ಲಾ ಅಂಗಡಿ ಲೆಕ್ಕಕ್ಕೆ ಇಟ್ಟುಕೊಂಡ ಹಳೇ ಡೆಸ್ಕ್‌ಟಾಪ್. ಆನ್ ಮಾಡಿ ಚಹಾ ಕುಡಿದು ಬಂದರೂ ಆ ನೀಲಿ ಬಳೆ ತಿರುಗುತ್ತಲೇ ಇರುತ್ತದೆ.

ಆಗ ಮಂದಿ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ವೀಡಿಯೊ ನೋಡಿ ಕಂಡ ಕಂಡ ಪ್ರೊಸೆಸ್‌ಗಳನ್ನೆಲ್ಲ, ಅಂದರೆ ಓಡುತ್ತಿರುವ ಪ್ರೋಗ್ರಾಂಗಳನ್ನೆಲ್ಲ, ಎಂಡ್ ಟಾಸ್ಕ್ ಒತ್ತಿ ನಿಲ್ಲಿಸುವುದು, ಇಲ್ಲವೇ ಯಾವುದೋ ಕ್ಲೀನರ್ ತಂದು ಹಾಕುವುದು. ಎರಡೂ ಬೇಡ. ಮೊದಲು ನಿಮ್ಮ ಕಂಪ್ಯೂಟರಿಗೆ ಯಾವುದು ಸಾಲುತ್ತಿಲ್ಲ ಅಂತ ಕಂಡುಕೊಳ್ಳಿ, ಆಮೇಲೆ ಅದನ್ನು ಯಾರು ತಿನ್ನುತ್ತಿದ್ದಾರೆ ಅಂತ ನೋಡಿ, ಕೊನೆಗೆ ಅದು ನಿಮಗೆ ಬೇಕಾ ಬೇಡವಾ ತೀರ್ಮಾನ ಮಾಡಿ. ಇದೇ ಕ್ರಮ. ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ. ಮೆನುಗಳ ಜಾಗ ಅಲ್ಲಲ್ಲಿ ಬೇರೆ ಇರುತ್ತದೆ, ಅದನ್ನು ಹೇಳುತ್ತಾ ಹೋಗುತ್ತೇನೆ.

ಮೊದಲು ತೆರೆದು ಸುಮ್ನೆ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ನೇರವಾಗಿ ತೆರೆಯುತ್ತದೆ. 1996ರ ವಿಂಡೋಸ್ ಎನ್‌ಟಿ 4.0 ಕಾಲದಿಂದ ಇರುವ ಸಾಧನ ಇದು, ದುಡ್ಡು ಕೊಟ್ಟು ತಗೊಳ್ಳುವ ಎಷ್ಟೋ ಸಾಫ್ಟ್‌ವೇರ್‌ಗಿಂತ ಜಾಸ್ತಿ ಉಪಯೋಗ. ವಿಂಡೋಸ್ 10ರಲ್ಲಿ ಚಿಕ್ಕ ಕಿಟಕಿ ಬಂದರೆ ಕೆಳಗಿನ ಮೋರ್ ಡೀಟೇಲ್ಸ್ ಒತ್ತಿ.

ಪ್ರೊಸೆಸಸ್ ಅನ್ನುವ ಪುಟದಲ್ಲಿ ಮೂರು ಗುಂಪು ಕಾಣುತ್ತವೆ. ಆ್ಯಪ್ಸ್ ಅಂದರೆ ನೀವೇ ತೆರೆದು ಕಿಟಕಿ ಕಾಣುತ್ತಿರುವವು. ಬ್ಯಾಕ್‌ಗ್ರೌಂಡ್ ಪ್ರೊಸೆಸ್ ಅಂದರೆ ಕಿಟಕಿ ಇಲ್ಲದೆ ಹಿಂದೆ ಓಡುತ್ತಿರುವವು, ಆಂಟಿವೈರಸ್, ಪ್ರಿಂಟರ್ ಸಾಫ್ಟ್‌ವೇರ್, ಅಪ್‌ಡೇಟರ್, ಕನ್ನಡ ಕೀಬೋರ್ಡ್ ಎಲ್ಲ ಇಲ್ಲೇ. ಮೂರನೆಯದು ವಿಂಡೋಸಿನದೇ ಪ್ರೊಸೆಸ್‌ಗಳು.

ಗುಂಪಿನ ಪಕ್ಕದಲ್ಲಿರುವ ಸಂಖ್ಯೆ ನೋಡಿ ಗಾಬರಿ ಆಗಬೇಡಿ. ಒಟ್ಟು 150ರ ಆಸುಪಾಸು ಇರುವುದು ಈಗಿನ ವಿಂಡೋಸಿನಲ್ಲಿ ಮಾಮೂಲು. ಅದರಲ್ಲಿ ಬಹುಪಾಲು ಮಲಗಿರುತ್ತವೆ, ಸಿಪಿಯು (ಅಂದರೆ ಪ್ರೊಸೆಸರ್) ಕಾಲಂನಲ್ಲಿ 0 ಅಂತಲೇ ಇರುತ್ತದೆ. "ನನ್ನ ಪಿಸಿಯಲ್ಲಿ 180 ಪ್ರೊಸೆಸ್ ಐತಿ, ಕಡಿಮೆ ಮಾಡಬೇಕು" ಅಂತ ಹೊರಡುವವರು ಸುಮ್ನೆ ಕೆಲಸ ಕೆಡಿಸಿಕೊಳ್ಳುತ್ತಾರೆ. ಎಷ್ಟಿವೆ ಅನ್ನುವುದು ಮುಖ್ಯ ಅಲ್ಲ. ಯಾವುದು ಎಷ್ಟು ತಿನ್ನುತ್ತಿದೆ ಅನ್ನುವುದು ಮುಖ್ಯ.

ನಾಲ್ಕು ಕಾಲಂ, ನಾಲ್ಕು ಬೇರೆ ಬೇರೆ ರೋಗ

ಮೇಲೆ ಸಿಪಿಯು, ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್, ನೆಟ್‌ವರ್ಕ್ ಅಂತ ಕಾಲಂಗಳಿವೆ, ತಲೆಯ ಮೇಲಿನ ಅಂಕಿ ಶೇಕಡಾ ಲೆಕ್ಕದ್ದು. ಕಂಪ್ಯೂಟರ್ ಆನ್ ಆಗಿ ಐದು ಹತ್ತು ನಿಮಿಷ ಬಿಟ್ಟು ನೋಡಿ, ಯಾಕಂದರೆ ಶುರುವಿನಲ್ಲಿ ಎಲ್ಲವೂ ಒಮ್ಮೆಲೇ ಎದ್ದು ಕೂರುತ್ತವೆ, ಆಗಿನ ಅಂಕಿಗೆ ಅರ್ಥ ಇಲ್ಲ. ಆಮೇಲೆ ಕಾಲಂ ತಲೆಯ ಮೇಲೆ ಕ್ಲಿಕ್ ಮಾಡಿ, ಜಾಸ್ತಿ ತಿನ್ನುವವರು ಮೇಲೆ ಬರುತ್ತಾರೆ.

ಸಿಪಿಯು 100ರ ಹತ್ತಿರ ಇದ್ದು ಫ್ಯಾನ್ ಕೂಗುತ್ತಿದ್ದರೆ ಯಾವುದೋ ಒಂದು ಪ್ರೋಗ್ರಾಂ ನಿಜವಾಗಿಯೂ ದುಡಿಯುತ್ತಿದೆ, ಇಲ್ಲವೇ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಮೆಮೊರಿ 60-70 ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್ ಖಾಲಿ ರ‍್ಯಾಮ್ ಬಿಡುವುದೇ ಇಲ್ಲ, ಉಳಿದ ಜಾಗದಲ್ಲಿ ನೀವು ಮತ್ತೆ ತೆರೆಯಬಹುದಾದ ಫೈಲುಗಳನ್ನು ಇಟ್ಟುಕೊಂಡಿರುತ್ತದೆ (ಅದು ಈ ಅಂಕಿಯಲ್ಲಿ ಸೇರುವುದಿಲ್ಲ), ಬೇಕಾದಾಗ ತಕ್ಷಣ ಬಿಟ್ಟುಕೊಡುತ್ತದೆ. ಆದರೆ ಅದು ಸದಾ 90ರ ಮೇಲೆ ನಿಂತಿದ್ದರೆ ತೊಂದರೆ. ರ‍್ಯಾಮ್ ಸಾಲದಾಗ ವಿಂಡೋಸ್ ಒಂದಿಷ್ಟನ್ನು ಡಿಸ್ಕಿನ ಪೇಜ್ ಫೈಲಿಗೆ ಸಾಗಿಸುತ್ತದೆ, ಮತ್ತೆ ವಾಪಸ್ ತರುತ್ತದೆ, ಮತ್ತೆ ಸಾಗಿಸುತ್ತದೆ. 4 ಜಿಬಿ ಲ್ಯಾಪ್‌ಟಾಪಿನ ಪಾಡು ಇದೇ, ಎರಡು ಕೋಣೆಯ ಮನೆಗೆ ಮದುವೆ ಮಂದಿಯೆಲ್ಲ ಬಂದಂಗೆ.

ಡಿಸ್ಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನಮ್ಮ ಕಡೆ ನಾನು ನೋಡುವ ಹತ್ತರಲ್ಲಿ ಬಹಳಷ್ಟು ಕಂಪ್ಯೂಟರ್‌ಗಳ ಕಥೆ ಇಲ್ಲೇ ಮುಗಿಯುತ್ತದೆ. ಡಿಸ್ಕ್ ಕಾಲಂ ಕೆಂಪಾಗಿ 100 ಅಂತ ತೋರಿಸುತ್ತಿರುತ್ತದೆ, ಆದರೆ ಕೆಳಗೆ ನೋಡಿದರೆ ಯಾವ ಪ್ರೊಸೆಸ್ಸೂ ಸೆಕೆಂಡಿಗೆ 1-2 ಎಂಬಿಗಿಂತ ಜಾಸ್ತಿ ಬಳಸುತ್ತಿಲ್ಲ. ಇದೆಂಥಾ ಲೆಕ್ಕ ಅಂತ ಅನ್ನಿಸುತ್ತದೆ ಅಲ್ವಾ? ಆ 100 ಅಂದರೆ ಡಿಸ್ಕ್ ತುಂಬಿದೆ ಅಂತಲ್ಲ, ಒಂದು ಕ್ಷಣವೂ ಬಿಡುವಿಲ್ಲ ಅಂತ. ಹಳೇ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆ ತಿರುಗುತ್ತಿರುತ್ತದೆ, ಲ್ಯಾಪ್‌ಟಾಪಿನಲ್ಲಾದರೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅದರ ಮೇಲೆ ಒಂದು ಮುಳ್ಳು ಅತ್ತಿಂದಿತ್ತ ಓಡಾಡಿ ಓದಬೇಕು. ವಿಂಡೋಸಿನ ಆಂಟಿವೈರಸ್ ಡಿಫೆಂಡರ್ ಒಂದು ಮೂಲೆಯಲ್ಲಿ ಏನೋ ಕೇಳುತ್ತದೆ, ಅಪ್‌ಡೇಟ್ ಇನ್ನೊಂದು ಮೂಲೆಯಲ್ಲಿ, ನೀವು ವರ್ಡ್ ತೆರೆಯಲು ಹೋದದ್ದು ಮತ್ತೊಂದು ಮೂಲೆಯಲ್ಲಿ. ಮುಳ್ಳಿನ ಟೈಮೆಲ್ಲ ಓಡಾಟಕ್ಕೇ ಹೋಗುತ್ತದೆ, ಓದುವುದು ಎಳ್ಳಷ್ಟು.

ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಅದು ಎಚ್‌ಡಿಡಿಯೋ (ಈ ತಿರುಗುವ ಹಾರ್ಡ್‌ಡಿಸ್ಕ್) ಎಸ್‌ಎಸ್‌ಡಿಯೋ (ತಟ್ಟೆ, ಮುಳ್ಳು ಇಲ್ಲದ ಡಿಸ್ಕ್) ಅಂತ ಅಲ್ಲೇ ಬರೆದಿರುತ್ತದೆ. ಆ್ಯವರೇಜ್ ರೆಸ್ಪಾನ್ಸ್ ಟೈಮ್ ಅನ್ನುವ ಅಂಕಿಯನ್ನೂ ನೋಡಿ. ಎಸ್‌ಎಸ್‌ಡಿಯಲ್ಲಿ ಕೆಲವೇ ಮಿಲಿಸೆಕೆಂಡ್ ಇರುತ್ತದೆ. ಎಚ್‌ಡಿಡಿ ಒದ್ದಾಡುವಾಗ ಅದು ನೂರಾರು ಮಿಲಿಸೆಕೆಂಡಿಗೆ ಏರುತ್ತದೆ. ಏರಿದ್ದು ಕಂಡರೆ ಪ್ರೊಸೆಸ್ ಕೊಲ್ಲುವುದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ ಅಂತ ಈಗಲೇ ತಿಳಿದುಕೊಳ್ಳಿ.

ಹೆದರಿಸುವ ಹೆಸರುಗಳು

ಪಟ್ಟಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕೆಲವು ಹೆಸರುಗಳಿವೆ. ಇವುಗಳ ಪರಿಚಯ ಆದರೆ ಅರ್ಧ ಭಯ ಹೋಗುತ್ತದೆ.

ಸರ್ವಿಸ್ ಹೋಸ್ಟ್ ಅಂತ ಸಾಲುಸಾಲಾಗಿ ಕಾಣುತ್ತದೆ. "ಒಂದೇ ವೈರಸ್ ಇಷ್ಟು ಸಲ ಓಡ್ತಿದೆ" ಅಂದುಕೊಳ್ಳುವವರು ಬಹಳ. ಅದು ವೈರಸ್ ಅಲ್ಲ. ವಿಂಡೋಸಿನ ಸಣ್ಣ ಸಣ್ಣ ಸೇವೆಗಳು, ಅಂದರೆ ವೈಫೈ, ಸೌಂಡ್‌ಗೆ ಬೇಕಾದಂಥವು, ತಾವೇ ಓಡುವುದಿಲ್ಲ, ಸರ್ವಿಸ್ ಹೋಸ್ಟ್ ಒಳಗೆ ಕೂತು ಓಡುತ್ತವೆ. ಮೊದಲು ಎಷ್ಟೋ ಸೇವೆ ಒಂದೇ ಹೋಸ್ಟಿನಲ್ಲಿ ಇರುತ್ತಿದ್ದವು. 2017ರ ವಿಂಡೋಸ್ 10 ಅಪ್‌ಡೇಟ್ ಬಂದ ಮೇಲೆ, 3.5 ಜಿಬಿಗಿಂತ ಜಾಸ್ತಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಹೆಚ್ಚಿನವನ್ನು ಬೇರೆ ಬೇರೆ ಮಾಡಿದರು. ಒಂದು ಬಿದ್ದರೆ ಉಳಿದವು ಬೀಳಬಾರದು ಅಂತ. ಅದಕ್ಕೇ ಪಟ್ಟಿ ಉದ್ದ ಆಗಿದ್ದು.

ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಅಂದರೆ ವಿಂಡೋಸಿನದೇ ಡಿಫೆಂಡರ್. ಸ್ಕ್ಯಾನ್ ಮಾಡುವಾಗ ಸಿಪಿಯು, ಡಿಸ್ಕ್ ಎರಡನ್ನೂ ತಿನ್ನುತ್ತದೆ, ಆಮೇಲೆ ತಣ್ಣಗಾಗುತ್ತದೆ. ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್ ಕಂಡರೆ ಅಪ್‌ಡೇಟ್ ಕೂರುತ್ತಿದೆ ಅಂತ. ಇದನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಅಡ್ಡಮಳೆ ಸೀಸನ್ನಿನಲ್ಲಿ ಸಂಜೆ ಗಾಳಿ ಎದ್ದರೆ ಕರೆಂಟ್ ಹೋಗುವುದು ಖಾತ್ರಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇದ್ದವರು ಆ ಹೊತ್ತಿನಲ್ಲಿ ಅಪ್‌ಡೇಟ್ ಒತ್ತದೇ ಇರುವುದು ಒಳ್ಳೆಯದು. ಬೆಳಿಗ್ಗೆ ಮಾಡಿ.

ಸರ್ಚ್ ಇಂಡೆಕ್ಸರ್ ನಿಮ್ಮ ಫೈಲುಗಳ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಹೊಸದಾಗಿ ವಿಂಡೋಸ್ ಹಾಕಿದಾಗ, ಇಲ್ಲಾ ಮದುವೆ ಫೋಟೊ ಎಲ್ಲ ಒಂದೇ ಸಲ ಕಾಪಿ ಮಾಡಿದಾಗ ಕೆಲವು ಗಂಟೆ ಗದ್ದಲ ಮಾಡುತ್ತದೆ, ಬಿಟ್ಟುಬಿಡಿ. ಡೀಟೇಲ್ಸ್ ಪುಟದಲ್ಲಿ ಸಿಸ್ಟಮ್ ಐಡಲ್ ಪ್ರೊಸೆಸ್ 95 ಅಂತ ಕಂಡು "ಇದೇ ಕಳ್ಳ" ಅನ್ನುವವರಿದ್ದಾರೆ. ಅದು ತಿರುಗುಮುರುಗು ಲೆಕ್ಕ. ಐಡಲ್ 95 ಅಂದರೆ ಸಿಪಿಯು ಅಷ್ಟು ಖಾಲಿ ಕೂತಿದೆ ಅಂತ.

ಇನ್ನು ಸಿಎಸ್‌ಆರ್‌ಎಸ್‌ಎಸ್, ವಿನ್‌ಲಾಗಾನ್, ಎಲ್‌ಸ್ಯಾಸ್ ಇಂಥವುಗಳನ್ನು ಮುಟ್ಟಲೇಬೇಡಿ. ಮುಟ್ಟಿದರೆ ನೀಲಿ ಸ್ಕ್ರೀನ್ ಬರುತ್ತದೆ, ಇಲ್ಲಾ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ಎಕ್ಸ್‌ಪ್ಲೋರರ್ ಮಾತ್ರ ಬೇರೆ. ಕೆಳಗಿನ ಟಾಸ್ಕ್‌ಬಾರ್ ಸತ್ತಂತಾದಾಗ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಒತ್ತಿ, ಇಡೀ ಕಂಪ್ಯೂಟರ್ ಬಂದ್ ಮಾಡುವ ಅಗತ್ಯ ಇಲ್ಲ.

ಎಂಡ್ ಟಾಸ್ಕ್ ಇರುವುದು ಯಾವುದಕ್ಕೆ ಅಂದರೆ, ನೀವೇ ತೆರೆದ ಪ್ರೋಗ್ರಾಂ ನಾಟ್ ರೆಸ್ಪಾಂಡಿಂಗ್ ಅಂತ ಗಟ್ಟಿಯಾಗಿ ಕೂತಾಗ. ಸೇವ್ ಮಾಡದ ಕೆಲಸ ಹೋಗುತ್ತದೆ, ಅದಕ್ಕೆ ಒಂದೆರಡು ನಿಮಿಷ ಕಾದು ಒತ್ತಿ. ದಿನಾ ಬೆಳಿಗ್ಗೆ ಅದೇ ಪ್ರೊಸೆಸ್ಸನ್ನು ಕೊಲ್ಲುತ್ತಾ ಕೂರುವುದು ವ್ಯರ್ಥ. ಅದು ನಾಳೆ ಮತ್ತೆ ಬರುತ್ತದೆ. ಬರುವ ಬಾಗಿಲು ಮುಚ್ಚಬೇಕು.

ಆ ಬಾಗಿಲು ಸ್ಟಾರ್ಟಪ್

ಟಾಸ್ಕ್ ಮ್ಯಾನೇಜರಿನಲ್ಲೇ ಸ್ಟಾರ್ಟಪ್ ಪುಟ ಇದೆ, ವಿಂಡೋಸ್ 11ರಲ್ಲಿ ಸ್ಟಾರ್ಟಪ್ ಆ್ಯಪ್ಸ್ ಅಂತ ಎಡಗಡೆ ಇರುತ್ತದೆ. ಕಂಪ್ಯೂಟರ್ ಆನ್ ಆದ ಕೂಡಲೇ ತಾವೇ ಏಳುವ ಪ್ರೋಗ್ರಾಂಗಳು ಇಲ್ಲಿವೆ. ಸ್ಟಾರ್ಟಪ್ ಇಂಪ್ಯಾಕ್ಟ್ ಕಾಲಂ ನೋಡಿ. ಹೈ ಅಂದರೆ ಶುರುವಿನಲ್ಲಿ ಸಿಪಿಯುವಿನ ಒಂದು ಸೆಕೆಂಡಿಗಿಂತ ಜಾಸ್ತಿ ಟೈಮ್ ತಿಂದಿದೆ, ಇಲ್ಲಾ ಡಿಸ್ಕಿನಲ್ಲಿ 3 ಎಂಬಿಗಿಂತ ಜಾಸ್ತಿ ಓದಿ ಬರೆದಿದೆ ಅಂತ. ಒಂದೊಂದೇ ಆದರೆ ಏನೂ ಅಲ್ಲ, ಹತ್ತು ಹದಿನೈದು ಸೇರಿದರೆ ಹಳೇ ಡಿಸ್ಕಿಗೆ ಉಸಿರು ಕಟ್ಟುತ್ತದೆ.

ಮೀಟಿಂಗ್ ಆ್ಯಪ್, ಹಾಡಿನ ಆ್ಯಪ್, ಗೇಮ್ ಲಾಂಚರ್, ಪಿಡಿಎಫ್ ಸಾಫ್ಟ್‌ವೇರಿನ ಅಪ್‌ಡೇಟರ್, ಮೊಬೈಲ್ ಜೋಡಿಸುವ ಫೋನ್ ಲಿಂಕ್, ಇವನ್ನೆಲ್ಲ ಕಣ್ಣು ಮುಚ್ಚಿ ಡಿಸೇಬಲ್ ಮಾಡಬಹುದು. ಡಿಸೇಬಲ್ ಅಂದರೆ ತೆಗೆದುಹಾಕುವುದಲ್ಲ. ನೀವು ತೆರೆದಾಗ ಓಡುತ್ತದೆ, ತಾನಾಗಿ ಏಳುವುದಿಲ್ಲ ಅಷ್ಟೇ. ಬೇಕಾದರೆ ಯಾವಾಗ ಬೇಕಾದರೂ ವಾಪಸ್ ಎನೇಬಲ್ ಮಾಡಿಕೊಳ್ಳಬಹುದು.

ಉಳಿಸಿಕೊಳ್ಳಬೇಕಾದವು ಯಾವು ಅನ್ನುವುದೇ ನಿಜವಾದ ಪ್ರಶ್ನೆ. ನುಡಿ ಅಥವಾ ಬರಹ ಬಳಸಿ ಕನ್ನಡ ಟೈಪ್ ಮಾಡುವವರಾದರೆ ಆ ಕೀಬೋರ್ಡ್ ಪ್ರೋಗ್ರಾಂ ಹಿಂದೆ ಓಡುತ್ತಿರಲೇಬೇಕು, ಗಡಿಯಾರದ ಪಕ್ಕ ಅದರ ಐಕಾನ್ ಇರುತ್ತದಲ್ಲ, ಅದೇ. ಗದಗ ಕಡೆ ಡಿಟಿಪಿ ಮಾಡುವವರ ಕಂಪ್ಯೂಟರಿನಲ್ಲಿ ಯಾರೋ "ಕ್ಲೀನ್" ಮಾಡಿ ಹೋದ ಮೇಲೆ ಕನ್ನಡ ಬದಲು ಇಂಗ್ಲಿಷ್ ಅಕ್ಷರ ಬೀಳುತ್ತಿದೆ ಅಂತ ಫೋನ್ ಬಂದರೆ, ಮೊದಲು ಇದನ್ನೇ ಕೇಳಬೇಕು. ಅಮರಗೋಳ ಎಪಿಎಂಸಿಯಲ್ಲೋ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲೋ ದಲಾಲಿ ಅಂಗಡಿ ಇದ್ದು ಟ್ಯಾಲಿ ಬಳಸುವವರಿಗೂ ಅಷ್ಟೇ. ಅದರ ಗೇಟ್‌ವೇ ಸರ್ವರ್ ಅನ್ನುವ ಸರ್ವಿಸ್ ಲೈಸೆನ್ಸ್ ಕೆಲಸ ನೋಡಿಕೊಳ್ಳುತ್ತದೆ, ಅದನ್ನು ನಿಲ್ಲಿಸಬೇಡಿ. ಟಚ್‌ಪ್ಯಾಡ್, ಸೌಂಡ್, ಆಂಟಿವೈರಸ್ ಇವನ್ನೂ ಇದ್ದಂಗೇ ಬಿಡಿ. ಒನ್‌ಡ್ರೈವ್ ಬಗ್ಗೆ ಯೋಚಿಸಿ ಮಾಡಿ. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ಅದರಲ್ಲಿ ಬ್ಯಾಕಪ್ ಆಗುತ್ತಿದ್ದರೆ, ಡಿಸೇಬಲ್ ಮಾಡಿದ ದಿನದಿಂದ ಆ ಬ್ಯಾಕಪ್ ನಿಲ್ಲುತ್ತದೆ.

ಪರಿಚಯ ಇಲ್ಲದ ಹೆಸರು ಕಂಡರೆ ರೈಟ್ ಕ್ಲಿಕ್ ಮಾಡಿ, ಸರ್ಚ್ ಆನ್‌ಲೈನ್ ಇದೆ, ಓಪನ್ ಫೈಲ್ ಲೊಕೇಶನ್ ಇದೆ. ಒಂದು ಸಲಕ್ಕೆ ಎರಡು ಮೂರು ಮಾತ್ರ ಡಿಸೇಬಲ್ ಮಾಡಿ, ರೀಸ್ಟಾರ್ಟ್ ಮಾಡಿ, ಒಂದು ದಿನ ಬಳಸಿ. ಏನಾದರೂ ಕೆಟ್ಟರೆ ಯಾವುದರಿಂದ ಅಂತ ಆಗ ಗೊತ್ತಾಗುತ್ತದೆ.

ಈ ಪಟ್ಟಿಯಲ್ಲಿ ಇಲ್ಲದೆಯೂ ತಾವಾಗಿ ಏಳುವವು ಇವೆ. ಸರ್ವಿಸ್ ಆಗಿ, ಇಲ್ಲಾ ಟಾಸ್ಕ್ ಶೆಡ್ಯೂಲರ್ (ಗೊತ್ತುಮಾಡಿದ ಹೊತ್ತಿಗೆ ಕೆಲಸ ಶುರು ಮಾಡುವ ವಿಂಡೋಸಿನ ಸಾಧನ) ಮೂಲಕ ಬರುತ್ತವೆ. ಅವನ್ನು ಹಿಡಿಯಲು ಆಟೋರನ್ಸ್ ಅನ್ನುವ ಫ್ರೀ ಸಾಧನ ಇದೆ, ಸಿಸ್‌ಇಂಟರ್ನಲ್ಸ್‌ನವರದು, ಆ ಕಂಪನಿಯನ್ನು ಮೈಕ್ರೋಸಾಫ್ಟ್ 2006ರಲ್ಲಿ ತಗೊಂಡಿತು, ಹಾಗಾಗಿ ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿಕೊಳ್ಳಿ. ತೆರೆದ ಕೂಡಲೇ ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್ ಆರಿಸಿ. ಉಳಿದದ್ದರಲ್ಲಿ ಬೇಡದ್ದರ ಟಿಕ್ ತೆಗೆಯಿರಿ, ಡಿಲೀಟ್ ಮಾತ್ರ ಒತ್ತಬೇಡಿ.

ಬ್ರೌಸರ್ ಮುಚ್ಚಿದರೂ ಮುಚ್ಚಿರುವುದಿಲ್ಲ

ಕ್ರೋಮ್ 2008ರಲ್ಲಿ ಬಂದಾಗಿನಿಂದಲೂ ಟ್ಯಾಬುಗಳನ್ನು ಬೇರೆ ಬೇರೆ ಪ್ರೊಸೆಸ್ ಆಗಿ ಓಡಿಸುತ್ತದೆ. ಒಂದು ಪುಟ ಕ್ರ್ಯಾಶ್ ಆದರೆ ಉಳಿದದ್ದು ಉಳಿಯಲಿ ಅಂತ. ಹಾಗಾಗಿ ಟಾಸ್ಕ್ ಮ್ಯಾನೇಜರಿನಲ್ಲಿ ಕ್ರೋಮ್ ಹೆಸರು ಇಪ್ಪತ್ತು ಸಲ ಕಂಡರೂ ಅದು ಸರಿಯೇ. ಯಾವ ಟ್ಯಾಬ್ ಜಾಸ್ತಿ ತಿನ್ನುತ್ತಿದೆ ಅಂತ ನೋಡಬೇಕಾದರೆ ಕ್ರೋಮ್ ಒಳಗೇ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ, ಅದಕ್ಕೆ ತನ್ನದೇ ಟಾಸ್ಕ್ ಮ್ಯಾನೇಜರ್ ಇದೆ. ಬಹಳ ಮಂದಿಗೆ ಇದು ಗೊತ್ತಿಲ್ಲ. ಯಾವತ್ತೋ ಹಾಕಿಕೊಂಡ ಎಕ್ಸ್‌ಟೆನ್ಷನ್ ಒಂದು ಅಲ್ಲಿ ಸದ್ದಿಲ್ಲದೆ ರ‍್ಯಾಮ್ ತಿನ್ನುತ್ತಾ ಕೂತಿರುತ್ತದೆ.

ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ, ಕ್ರೋಮ್ ಮುಚ್ಚಿದ ಮೇಲೂ ಬ್ಯಾಕ್‌ಗ್ರೌಂಡ್ ಆ್ಯಪ್ ಓಡಲಿ ಅನ್ನುವ ಸ್ವಿಚ್ ಇದೆ, ಆಫ್ ಮಾಡಿ. ಪರ್ಫಾರ್ಮೆನ್ಸ್ ಭಾಗದಲ್ಲಿ ಮೆಮೊರಿ ಸೇವರ್ ಆನ್ ಮಾಡಿ. ಎಡ್ಜ್ ಬಳಸದವರು ಅದರ ಸ್ಟಾರ್ಟಪ್ ಬೂಸ್ಟ್ ಆಫ್ ಮಾಡಿ, ಇಲ್ಲದಿದ್ದರೆ ನೀವು ತೆರೆಯದೇ ಇದ್ದರೂ ಅದು ಹಿಂದೆ ಎದ್ದು ಕೂತಿರುತ್ತದೆ.

ಹಾಟ್‌ಸ್ಪಾಟ್ ಮೇಲೆ ಓದುವವರಿಗೆ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಬದುಕುತ್ತದೆ. ಮಧ್ಯಾಹ್ನಕ್ಕೇ ದಿನದ ಡೇಟಾ ಖಾಲಿ. ಕ್ಲಾಸ್ ವೀಡಿಯೊ ಒಂದೇ ಅದಕ್ಕೆ ಕಾರಣ ಅಲ್ಲ, ಹಿಂದೆ ಅಪ್‌ಡೇಟ್ ಇಳಿಯುತ್ತಿರುತ್ತದೆ. ಆ ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆದು ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ವಿಂಡೋಸ್ ದೊಡ್ಡ ಡೌನ್‌ಲೋಡ್‌ಗಳನ್ನು ಹೆಚ್ಚಾಗಿ ತಡೆದುಕೊಳ್ಳುತ್ತದೆ, ಒನ್‌ಡ್ರೈವ್ ಸಿಂಕ್ ಕೂಡ ನಿಲ್ಲುತ್ತದೆ. ಆಮೇಲೆ ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಡೆಲಿವರಿ ಆಪ್ಟಿಮೈಸೇಷನ್ ಆಫ್ ಮಾಡಿ. ಅದು ಆನ್ ಇದ್ದರೆ ನೀವು ಇಳಿಸಿಕೊಂಡ ಅಪ್‌ಡೇಟ್ ತುಣುಕುಗಳನ್ನು ಬೇರೆ ಕಂಪ್ಯೂಟರುಗಳಿಗೂ ಕಳಿಸಬಹುದು. ತಿಂಗಳಿಗೊಮ್ಮೆಯಾದರೂ ಒಳ್ಳೆ ವೈಫೈ ಇರುವ ಕಡೆ ಕೂತು ಅಪ್‌ಡೇಟ್ ಮುಗಿಸಿಕೊಳ್ಳಿ. ಪೂರ್ತಿ ಬಂದ್ ಮಾಡಿ ವರ್ಷಗಟ್ಟಲೆ ಕೂರುವುದು ತಪ್ಪು.

ಶಟ್‌ಡೌನ್ ಮಾಡಿದರೆ ಸಾಲದು

ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಕೆಳಗೆ ಅಪ್ ಟೈಮ್ ಅಂತ ಇರುತ್ತದೆ. ದಿನಾ ರಾತ್ರಿ ಶಟ್‌ಡೌನ್ ಮಾಡುವವರ ಕಂಪ್ಯೂಟರಿನಲ್ಲೂ ಅದು ಹದಿನೈದು ಇಪ್ಪತ್ತು ದಿನ ತೋರಿಸುತ್ತದೆ. ಕಾರಣ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ, ಶಟ್‌ಡೌನ್ ಒತ್ತಿದರೆ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸಿನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು ಬೆಳಿಗ್ಗೆ ಅದನ್ನೇ ಎಬ್ಬಿಸುತ್ತಾರೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಮೊದಲಿಂದ ಶುರು. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ಎಷ್ಟೋ "ಸರ್ವಿಸ್ ಮಾಡಿಸಬೇಕು" ಅನ್ನುವ ಕೇಸು ಇಷ್ಟರಲ್ಲೇ ಮುಗಿಯುತ್ತವೆ.

ಅನುಮಾನ ಬಂದರೆ

ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ದು ಪ್ರಿಂಟ್ ತೆಗೆಸಿ ಅದನ್ನೇ ಮನೆ ಕಂಪ್ಯೂಟರಿಗೆ ಚುಚ್ಚುವುದು ಎಲ್ಲರೂ ಮಾಡುವ ಕೆಲಸ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇನ್ನೂ ಅಪಾಯ. ಏನೂ ತೆರೆಯದೆ ಇದ್ದರೂ ಫ್ಯಾನ್ ಜೋರಾಗಿ ಕೂಗುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ತಕ್ಷಣ ಸಿಪಿಯು ಬಳಕೆ ಇಳಿದುಬಿಡುತ್ತದೆ, ಮುಚ್ಚಿದರೆ ಮತ್ತೆ ಶುರು ಅಂದರೆ ಅನುಮಾನ ಪಡಿ. ನಿಮ್ಮ ಕರೆಂಟಿನಲ್ಲಿ ಬೇರೆಯವರಿಗೆ ಕ್ರಿಪ್ಟೊ ದುಡಿಯುವ ಕೆಲವು ಪ್ರೋಗ್ರಾಂಗಳು ಹೀಗೇ ಕಣ್ಣಾಮುಚ್ಚಾಲೆ ಆಡುತ್ತವೆ. ಸರ್ವಿಸ್ ಹೋಸ್ಟ್ ಅಂತ ಹೆಸರಿದ್ದು, ಅದರ ಫೈಲ್ ವಿಂಡೋಸ್ ಫೋಲ್ಡರಿನ ಒಳಗಿನ ಸಿಸ್ಟಮ್32 ಬಿಟ್ಟು ಟೆಂಪ್ ಅಥವಾ ಡೌನ್‌ಲೋಡ್ಸ್‌ನಲ್ಲಿದ್ದರೆ ಅದು ಕಳ್ಳನೇ.

ಅದನ್ನು ಕೊಲ್ಲುತ್ತಾ ಕೂರಬೇಡಿ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರಲ್ಲಿ ಸ್ಕ್ಯಾನ್ ಆಪ್ಷನ್ಸ್, ಅದರಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಸ್ಕ್ಯಾನ್ ಮಾಡುತ್ತದೆ. ಆಗ ಕಳ್ಳನಿಗೆ ಅಡಗಲು ಜಾಗ ಇರುವುದಿಲ್ಲ.

ಮಾಡಬೇಡಿ ಅಂತ ಹೇಳಲೇಬೇಕಾದ್ದು ಒಂದಿಷ್ಟಿವೆ. ರ‍್ಯಾಮ್ ಬೂಸ್ಟರ್ ಹಾಕಬೇಡಿ, ಅದೂ ಒಂದು ಬ್ಯಾಕ್‌ಗ್ರೌಂಡ್ ಪ್ರೊಸೆಸ್ಸೇ, ರ‍್ಯಾಮಿನಿಂದ ತಳ್ಳಿದ್ದನ್ನು ವಿಂಡೋಸ್ ಮತ್ತೆ ಡಿಸ್ಕಿನಿಂದ ಓದಬೇಕಾಗುತ್ತದೆ. ಪ್ರಿಫೆಚ್ ಫೋಲ್ಡರ್ ಖಾಲಿ ಮಾಡಿ ಅನ್ನುವ ವೀಡಿಯೊ ನಂಬಬೇಡಿ, ಅದು ಪ್ರೋಗ್ರಾಂ ಬೇಗ ತೆರೆಯಲಿ ಅಂತಲೇ ಇರುವುದು. ಸಿಸ್ಟಮ್ ಕಾನ್ಫಿಗರೇಷನ್‌ನ ಬೂಟ್ ಭಾಗದಲ್ಲಿ ಪ್ರೊಸೆಸರ್ ಸಂಖ್ಯೆ ಏರಿಸಿ ಅನ್ನುವುದಂತೂ ಶುದ್ಧ ಸುಳ್ಳು. ವಿಂಡೋಸ್ ಮೊದಲೇ ಎಲ್ಲ ಕೋರ್ ಬಳಸುತ್ತದೆ, ಆ ಪೆಟ್ಟಿಗೆ ಇರುವುದು ಕಡಿಮೆ ಮಾಡಲಿಕ್ಕೆ.

ಇಷ್ಟೆಲ್ಲ ಆದರೂ ಸ್ಲೋ ಇದ್ದರೆ

ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ಸ್ಲೋ ಆಗುತ್ತಿದ್ದರೆ ಬಿಸಿ ಕಾರಣ ಇರಬಹುದು. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಸ್ಪೀಡ್ ನೋಡಿ. ಕೆಲಸ ಜೋರಾಗಿ ನಡೆಯುವಾಗಲೂ ಅದು ಬೇಸ್ ಸ್ಪೀಡಿಗಿಂತ ಬಹಳ ಕೆಳಗೆ ಇಳಿದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ನಿಧಾನ ಆಗಿದೆ. ಹುಬ್ಬಳ್ಳಿ ಧೂಳಿಗೆ ಫ್ಯಾನ್ ಕಟ್ಟಿಕೊಳ್ಳುವುದು ಹೊಸದಲ್ಲ, ಬಿಚ್ಚಿಸಿ ಕ್ಲೀನ್ ಮಾಡಿಸಿ.

ಡಿಸ್ಕ್ ಎಚ್‌ಡಿಡಿ, ಅದು ಸದಾ 100 ಅಂದರೆ ಎಸ್‌ಎಸ್‌ಡಿ ಹಾಕಿಸುವುದೇ ಮದ್ದು. ಮೆಮೊರಿ ಸದಾ 90ರ ಮೇಲೆ ಅಂದರೆ ರ‍್ಯಾಮ್ ಏರಿಸಿ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ನಾನು ಮೊದಲು ಎಸ್‌ಎಸ್‌ಡಿ ಅನ್ನುತ್ತೇನೆ. ವಿಂಡೋಸ್ 10ರ ಮಾಮೂಲು ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ತೀರಾ ಹಳೇ ಮಷಿನ್ ಆದರೆ ಖರ್ಚು ಮಾಡುವ ಮುಂಚೆ ಅದಕ್ಕೆ 11 ಬರುತ್ತದಾ ಅಂತ ಕೇಳಿಕೊಳ್ಳಿ.

ಅಂಗಡಿಗೆ ಹೋಗುವ ಮುಂಚೆ ಮೊಬೈಲಿನಲ್ಲಿ ಎರಡು ಫೋಟೊ ತೆಗೆದುಕೊಳ್ಳಿ. ಒಂದು, ಪರ್ಫಾರ್ಮೆನ್ಸ್‌ನ ಮೆಮೊರಿ ಪುಟ. ಸ್ಲಾಟ್ಸ್ ಯೂಸ್ಡ್ 1 ಆಫ್ 2 ಅಂತ ಇದ್ದರೆ ಒಂದು ಜಾಗ ಖಾಲಿ ಇದೆ, ಇರುವುದನ್ನು ತೆಗೆಯದೆ ಇನ್ನೊಂದು ಹಾಕಬಹುದು, ಸ್ಪೀಡ್ ಕೂಡ ಅಲ್ಲೇ ಬರೆದಿರುತ್ತದೆ. ಇನ್ನೊಂದು, ಡಿಸ್ಕ್ ಪುಟ. ಎಸ್‌ಎಸ್‌ಡಿ ಹಾಕುವಾಗ ಇರುವ ವಿಂಡೋಸನ್ನೇ ಕ್ಲೋನ್ ಮಾಡುತ್ತಾರಾ (ಇದ್ದಂಗೇ ನಕಲು ಮಾಡುತ್ತಾರಾ), ಹೊಸದಾಗಿ ಹಾಕುತ್ತಾರಾ ಅಂತ ಮೊದಲೇ ಕೇಳಿ. ಹೊಸದಾಗಿ ಅಂದರೆ ಫೋಟೊ, ಲೆಕ್ಕದ ಡೇಟಾ, ನುಡಿ ಫೈಲುಗಳನ್ನೆಲ್ಲ ನೀವೇ ಕಾಪಿ ಮಾಡಿಕೊಂಡು, ಆ ಕಾಪಿಯನ್ನು ಒಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಮಷಿನ್ ಅವರ ಕೈಗೆ ಕೊಡಿ.